ಗುಡ್ಡದ ಹೆಸರು ಕೇಳಲು ಹೋಗಿ

ಕುರುಗೋಡು, 12-2-2008

ಅತ್ತಿಗೆಯವರಿಗೆ ಮೈದುನನ ನಮಸ್ಕಾರ.

ದುಭಾಷಿಯಾಗಿ ಬಂದ ನನ್ನನ್ನು ಈ ಜಿಲ್ಲೆ ಅದಿರು ದಲ್ಲಾಳಿಯ ಪದವಿಗೆ ಏರಿಸಿದೆ. ಕೈಯಲ್ಲಿ ನಕ್ಷೆ ಬಿಚ್ಚಿದವರೆಲ್ಲ ಇಲ್ಲಿಯವರ ಕಣ್ಣಿಗೆ ಗಣಿಯವರೇ. ನಮ್ಮ ಪ್ರೊಫೆಸರ್ ವಾಹಾನ್ ಪಾಪ, ಆರ್ಮೀನಿಯಾದವರು. ನಕ್ಷೆಗಳಿಂದ ಅಳಿಸಿಹೋದ ತಮ್ಮವರ ಹಳ್ಳಿಗಳ ಹೆಸರುಗಳನ್ನು ನಲವತ್ತು ವರ್ಷದಿಂದ ಹುಡುಕಿ ಬರೆಯುತ್ತಿರುವವರು. ಆ ದೇಶದ ವರ್ತಕನೊಬ್ಬ ಹಿಂದೆ ಈ ಊರಿನ ಗುಡ್ಡದ ಬುಡದಲ್ಲಿ ತಂಗಿದ್ದನಂತೆ. ಅವನ ಬರಹದಲ್ಲಿರುವ ಗುಡ್ಡ ಇದೇ ಹೌದೋ ಎಂದು ತಿಳಿಯಲು ಅದರ ಹಳೆಯ ಹೆಸರು ಬೇಕು, ಅದನ್ನು ಬಲ್ಲವಳು ಮಾರೆಮ್ಮ ಎಂಬ ಮುದುಕಿಯೊಬ್ಬಳೇ.

ಕೇಳಿದೆವು. "ನನ್ನ ತವರಾಗೂ ಹಿಂಗ ನಕ್ಷಿ ತಂದು ಗುಡ್ಡದ ಹೆಸರು ಕೇಳಿದ್ರು, ಹೇಳಿದ್ವಿ. ವರ್ಷದಾಗ ಗುಡ್ಡನ ಲಾರಿ ಹತ್ತಿ ಹೋತು. ಎದ್ದು ನಡೀರಿ," ಎಂದಳು.

ಗುಡ್ಡ ನುಂಗಿ ಬಾಯೊರೆಸಿಕೊಂಡವರಿಗೆ ಹಾರ, ನಮಗೆ ಬೈಗುಳ. ಇದ್ಯಾವ ನ್ಯಾಯ, ಅತ್ತಿಗೆ? ಪ್ರೊಫೆಸರ್ ಮಾತ್ರ ನಕ್ಷೆ ಮಡಚಿ ಅವಳ ಕೈಗಿಟ್ಟರು. ಅವಳು ಅದನ್ನು ಚಾಪೆಯಡಿ ತುರುಕಿ, "ಹೆಸರು ಬರಕೊಳ್ರಿ. ಎಲ್ಲೈತಿ ಅಂತ ಮಾತ್ರ ಬರೀಬ್ಯಾಡ್ರಿ," ಎಂದು ಗುಡ್ಡದ ಹೆಸರು ಹೇಳಿಕೊಟ್ಟಳು. ಜಾಗ ಬಿಟ್ಟು ಹೆಸರೊಂದನ್ನೇ ಅವರು ಬರೆದುಕೊಂಡದ್ದು ಇದೇ ಮೊದಲಂತೆ.

ಸೀನಿದರೆ ಕರ್ಚೀಫು ಕೆಂಪಾಗುತ್ತದೆ, ಅದಿರಿನ ಧೂಳು, ಗಾಬರಿ ಬೇಡ. ಮೇಲೆ ಊರು ಬರೆದುಬಿಟ್ಟಿದ್ದೇನೆ, ಹಾಗಾಗಿ ಗುಡ್ಡದ ಹೆಸರು ನಿಮಗೂ ಹೇಳಲಾರೆ. ಈ ಅಂಚೆ ಕಾರ್ಡನ್ನು ದಾರಿಯುದ್ದಕ್ಕೂ ಎಲ್ಲರೂ ಓದುತ್ತಾರೆ.

ಸೀತಾಪತಿ