ಗೋಡೆಯ ಸಾಲಿನಲ್ಲಿ ಕೊನೆಯವಳು

ಮನೆ, ಅಡುಗೆಕೋಣೆಯ ಮೇಜು
ಮಂಗಳವಾರ, ಫೆಬ್ರವರಿ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಏಣಿ ಹತ್ತುವ ಮೊದಲು ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ನೂರು ಸಲ ಹೇಳಿದ್ದೇನೆ, ನೀನು ಕೇಳುವ ಪೈಕಿ ಅಲ್ಲ. ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ. ಇಸ್ತ್ರಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರುತ್ತಾಳೆ, ಸ್ಟೂಲು ಕೊಟ್ಟರೆ ಅದರ ಮೇಲೆ ಬಟ್ಟೆ ಪೇರಿಸುತ್ತಾಳೆ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಬಸ್ಸು ಓಡಿಸಲು ಬಿಡುತ್ತಿಲ್ಲ, ಡಿಪೋದ ಗೇಟಿನಲ್ಲಿ ಕೂರಿಸಿದ್ದಾರೆ. ಮನೆಗೆ ಬಂದರೆ ಊಟದ ತಟ್ಟೆಯನ್ನೂ ಸ್ಟಿಯರಿಂಗ್ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿಯುತ್ತಾರೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ. ಚೆನ್ನಾಗಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಇದ್ದಕ್ಕಿದ್ದಂತೆ ಸುಮ್ಮನಾಗುತ್ತೀಯ, ನೀನು ಸುಮ್ಮನಾದರೆ ನನಗೆ ಹೆದರಿಕೆಯಾಗಿ ಬಾಯಿಗೆ ಸುಳ್ಳು ಬರುತ್ತದೆ. ಕಾಗದ ಸುಮ್ಮನಿದ್ದರೆ ನನಗೇನೂ ಆಗುವುದಿಲ್ಲ. ಆದ್ದರಿಂದ ಸುತ್ತಿ ಬಳಸದೆ ಬರೆದುಬಿಡುತ್ತೇನೆ. ಗುರುತಿನ ಚೀಟಿ ಕಚೇರಿಯ ಗೋಡೆಯ ಮೇಲೆ ನೀನೂ ನಿನ್ನ ಸಂಘದವರೂ ಬರೆದಿದ್ದ ಚಿತ್ರಕ್ಕೆ ಭಾನುವಾರ ಬೆಳಿಗ್ಗೆ ಸುಣ್ಣ ಬಳಿದವಳು ನಾನು. ನಿನ್ನೆ ನೀವೆಲ್ಲ ಬಂದು ನೋಡಿ ಹೋದಿರಂತೆ. ನಿಮ್ಮ ಸಂಘದ ದರ್ಜಿ, ಚಿತ್ರದ ಸಾಲಿನಲ್ಲಿ ಮೊದಲನೆಯವಳು, ರಸ್ತೆಯಲ್ಲೇ ಕುಸಿದು ಕೂತಳಂತೆ. ಯಾರು ಬಳಿದದ್ದು ಎಂದು ನೀನು ಕಾವಲಿನವನನ್ನು ಕೇಳಿದ್ದಕ್ಕೆ ಅವನು "ಯಾವಳೋ ಒಬ್ಬ ಹುಡುಗಿ" ಅಂದನಂತೆ. ಆ ಯಾವಳೋ ನಾನೇ. ಇದನ್ನು ಓದಿದ ಮೇಲೂ ನೀನು ನನ್ನನ್ನು ತಂಗಿ ಎನ್ನುತ್ತೀಯೋ ಇಲ್ಲವೋ, ಈಗ ನನಗಿರುವುದು ಅದೊಂದೇ ಹೆದರಿಕೆ. ಕೆಲಸದ ಮೇಲೆ ಹೋಗಿದ್ದೆ, ಬೋರ್ಡಿನ ಅಂಗಡಿಯ ಯಜಮಾನರು ಹೇಳಿದರು, ವಿಧಿಯಿಲ್ಲದೆ ಮಾಡಿದೆ ಎಂದು ಬರೆದರೆ ನೀನು ನಂಬುತ್ತೀಯ ಎಂದೂ ಗೊತ್ತು. ಹಾಗಲ್ಲ. ಹೊಟ್ಟೆಕಿಚ್ಚಿನಿಂದ ಮಾಡಿದೆ.

ನಿನಗೆ ನೆನಪಿರಬಹುದು, ನನಗಾಗ ಹನ್ನೊಂದು, ನಿನಗೆ ಹದಿನೇಳು. ಎಲ್ಲರೂ ನಿನ್ನನ್ನು ನನ್ನ ಅಣ್ಣ ಎಂದುಕೊಂಡಿದ್ದ ಕಾಲ. ಪಂಪಿನ ಕೋಣೆಯಲ್ಲಿ ಮೋಟಾರು ಓಡುತ್ತಿದ್ದಾಗ ನೀನು ನನ್ನ ಕಿವಿಯ ಹತ್ತಿರ ಬಾಯಿ ತಂದು, "ನನ್ನನ್ನ ಅಕ್ಕ ಅಂತ ಕರೀತೀಯೇನೇ?" ಎಂದು ಕೇಳಿದೆ. ನಾನು, "ಕರೆದ್ರೆ ಏನು ಕೊಡ್ತೀಯ?" ಎಂದೆ. ನನ್ನ ಬುದ್ಧಿಯೇ ಅಷ್ಟು. ನೀನು ನಿನ್ನ ಆರನೇ ನಂಬರಿನ ಬ್ರಷ್ಷನ್ನು ಕೊಟ್ಟೆ. ನಾನು ಕರೆದದ್ದು ಮೋಟಾರಿನ ಸದ್ದಿನಲ್ಲಿ ನಿನಗೆ ಕೇಳಿಸಲಿಲ್ಲ, ಮೂರನೇ ಸಲ ಕಿರುಚಿದೆ. ನೀನು ನೀರಿನ ಪೈಪು ಹಿಡಿದುಕೊಂಡು ನಗುತ್ತಾ ಅಳುತ್ತಾ ನಿಂತೆ. ಆಮೇಲೆ ಎಷ್ಟೋ ವರ್ಷ ಆ ಕರೆಯುವಿಕೆ ನಮ್ಮಿಬ್ಬರದೇ ಆಗಿತ್ತು. ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಾಗ, ಕೂತಲ್ಲಿ ಕೂರಲಾರದ ಇವಳು ಯಾವುದಕ್ಕೂ ಬಾರದವಳು ಎಂದು ಎಲ್ಲರೂ ಕೈಬಿಟ್ಟಾಗ, ನೀನು ಹಳೆ ತಗಡಿನ ಮೇಲೆ ನನಗೆ ಅಕ್ಷರ ಬರೆಯುವುದನ್ನು ಕಲಿಸಿದೆ. ಇವತ್ತು ಬೋರ್ಡಿನ ಅಂಗಡಿಯಲ್ಲಿ ನನಗೆ ಕೆಲಸವಿದ್ದರೆ ಅದು ಆ ತಗಡಿನಿಂದ.

ಅಪ್ಪ ನಿನ್ನ ಚೀಲವನ್ನು ಮೆಟ್ಟಿಲ ಮೇಲಿಟ್ಟ ದಿನ "ನನಗಿರೋದು ಒಬ್ಬಳೇ ಮಗಳು" ಎಂದರಲ್ಲ, ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಅದು ನಿಜ. ಆದರೆ ಆ ಮಾತು ಕಿವಿಗೆ ಬಿದ್ದಾಗ ಒಂದು ಗಳಿಗೆ ನನಗೆ ಹಿತವಾಯಿತು. ಅದೂ ನಿಜ. ನಿನ್ನನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ಉರಿಯುತ್ತಿತ್ತು ಅಕ್ಕಾ. ಹುಟ್ಟಿದಾಗಿನಿಂದ ಎಲ್ಲರೂ ನನ್ನನ್ನು ಹುಡುಗಿ ಎಂದೇ ಒಪ್ಪಿಕೊಂಡಿದ್ದಾರೆ, ನಾನು ಯಾರ ಹತ್ತಿರವೂ ಕೇಳಬೇಕಾಗಿರಲಿಲ್ಲ. ಆದರೂ ನಾನು ಕಾಡಿಗೆ ಹಚ್ಚಿಕೊಂಡರೆ ಯಾರೋ ಕಣ್ಣಿಗೆ ಗುದ್ದಿದ ಹಾಗೆ ಕಾಣುತ್ತೇನೆ. ನೀನು ಓಡುವ ಬಸ್ಸಿನಲ್ಲಿ, ಕೈಗನ್ನಡಿ ಕುಲುಕುತ್ತಿರುವಾಗಲೇ, ಎರಡು ಗೆರೆ ಎಳೆದು ಮುಗಿಸುತ್ತೀಯ. ನೀನು ಅದಕ್ಕೆ ತೆತ್ತದ್ದೆಷ್ಟು ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೂ ಉರಿಯುತ್ತದೆ.

ಪತ್ರಿಕೆಯಲ್ಲಿ ನಿನ್ನ ಫೋಟೋ ಬಂದ ದಿನ ಯಜಮಾನರು ಅದನ್ನು ಬಣ್ಣದ ಡಬ್ಬಿಯ ಕೆಳಗೆ ಹಾಸಿದ್ದರು. ಡಬ್ಬಿ ಸರಿಸಿ ಓದಿದೆ. ಕಚೇರಿಯವರು ನಿಮ್ಮ ಚೀಟಿಯಲ್ಲಿ ನೀವು ಇಟ್ಟುಕೊಂಡ ಹೆಸರು ಹಾಕಿಕೊಡದೆ ನಾಲ್ಕು ವರ್ಷ ಅಲೆಸಿದ್ದು, ನಿನ್ನನ್ನೂ ಸೇರಿಸಿ ಹನ್ನೊಂದು ಜನ ಟ್ರಾನ್ಸ್ ಹೆಂಗಸರನ್ನು ನೀನು ಒಬ್ಬೊಬ್ಬರನ್ನಾಗಿ ಅದೇ ಗೋಡೆಗೆ ಒರಗಿಸಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದದ್ದು, ಅವರವರ ಎತ್ತರಕ್ಕೆ, ಅವರವರು ಕಾದು ನಿಂತಿದ್ದ ಜಾಗದಲ್ಲೇ, ಕೈಯಲ್ಲಿ ಅರ್ಜಿ ಕೊಟ್ಟು ಚಿತ್ರಿಸಿದ್ದು, ಎಲ್ಲ ಬರೆದಿದ್ದರು. ಕೊನೆಯಲ್ಲಿ ನಿನ್ನ ಮನೆಯವರ ಬಗ್ಗೆ ಕೇಳಿದ್ದರು. "ಇವರೇ ನನ್ನ ಮನೆಯವರು. ನನಗೆ ನಲವತ್ತು ಜನ ತಂಗಿಯರು" ಎಂದು ನೀನು ಹೇಳಿದ್ದೆ. ನಲವತ್ತರಲ್ಲಿ ನಾನಿದ್ದೇನೋ, ನಲವತ್ತೊಂದನೆಯವಳೋ, ಲೆಕ್ಕದಲ್ಲೇ ಇಲ್ಲವೋ ತಿಳಿಯಲಿಲ್ಲ. ಅವತ್ತು ಸಂಜೆಯೇ ಗೋಡೆ ನೋಡಲು ಬಂದೆ, ನಿನಗೆ ಹೇಳಲಿಲ್ಲ. ಚಿತ್ರ ಚೆನ್ನಾಗಿದೆ ಎಂದರೆ ಕಡಿಮೆಯಾಯಿತು. ಅರ್ಜಿ ಹಿಡಿದು ಬಂದ ಮುದುಕರೊಬ್ಬರು ನಿನ್ನ ದರ್ಜಿಯ ಚಿತ್ರದ ಮುಂದೆ ನಿಂತು, "ಕೌಂಟರ್ ತೆಗೆದಿದಾರೇನಮ್ಮ?" ಎಂದು ಕೇಳಿ, ಉತ್ತರ ಬರದಿದ್ದಕ್ಕೆ ಸಿಟ್ಟು ಮಾಡಿಕೊಂಡರು. ಆದರೆ ಮೇಲೆ "ನಾವಿನ್ನೂ ನಿಂತಿದ್ದೇವೆ" ಎಂದು ಬರೆದಿತ್ತಲ್ಲ, ಆ ಅಕ್ಷರಗಳು ಒಂದೊಂದೂ ಕಾಲು ಉಳುಕಿದವರ ಹಾಗೆ ಬಲಕ್ಕೆ ವಾಲಿದ್ದವು. ಯಾರು ಬರೆದದ್ದು ಎಂದು ವಿಚಾರಿಸಿದರೆ ನಿಮ್ಮ ಸಂಘಕ್ಕೆ ಹೊಸದಾಗಿ ಬಂದ ಗುಂಗುರು ಕೂದಲಿನ ಹುಡುಗಿಯಂತೆ, ಈಗಷ್ಟೇ ಬ್ರಷ್ಷು ಹಿಡಿದವಳಂತೆ. ದಿನಕ್ಕೆ ಎಂಟು ಗಂಟೆ ಅಕ್ಷರವನ್ನೇ ಬರೆಯುವ ತಂಗಿಯೊಬ್ಬಳು ಇದೇ ಊರಿನಲ್ಲಿದ್ದಾಳೆ, ಅವಳನ್ನು ಕರೆಯಬೇಕು ಎಂದು ನಿನಗೆ ಹೊಳೆಯಲೇ ಇಲ್ಲವಲ್ಲ. ಅಪ್ಪನಿಗೆ ಗೊತ್ತಾದರೆ ನನಗೆ ತೊಂದರೆ ಎಂದು ಬಿಟ್ಟಿರಬಹುದು. ಕೇಳಿಯಾದರೂ ನೋಡಬಹುದಿತ್ತು.

ಇದೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದೆ ಹೋದದ್ದು ಹೋದ ಶುಕ್ರವಾರದ ಸಂಗತಿ. ಅಮ್ಮ ಯಾಕೋ ಈಚೆಗೆ ತಡವಾಗಿ ಬರುತ್ತಿದ್ದಳು. ಕೇಳಿದರೆ "ಬಸ್ಸು ಸಿಗಲಿಲ್ಲ" ಎನ್ನುತ್ತಿದ್ದಳು. ಅವತ್ತು ಬೋರ್ಡು ಕೊಟ್ಟು ಬರಲು ಆ ಕಡೆ ಹೋಗಿದ್ದೆ. ನಿನ್ನ ಗೋಡೆಯ ಮುಂದೆ ಅಮ್ಮ ನಿಂತಿದ್ದಳು. ಎರಡು ಸ್ಟಾಪು ಮೊದಲೇ ಇಳಿದು, ಆ ಮಂಡಿ ಎಳೆದುಕೊಂಡು. ಸಾಲಿನ ಕೊನೆಯಲ್ಲಿ ನೀನು ನಿನ್ನನ್ನೇ ಬರೆದುಕೊಂಡಿದ್ದೆಯಲ್ಲ, ಅಮ್ಮನ ಕಂದು ಸ್ವೆಟರ್ ಹಾಕಿಕೊಂಡು, ಮೊಣಕೈಯ ತೇಪೆಯ ಹೊಲಿಗೆಯನ್ನೂ ಬಿಡದೆ. ಅಮ್ಮ ನಿನ್ನ ಹಿಂದೆ, ಸಾಲಿನಲ್ಲಿ ಹನ್ನೆರಡನೆಯವಳಾಗಿ, ಚೀಲ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮುಟ್ಟಲಿಲ್ಲ, ಅಳಲಿಲ್ಲ, ಮುಂದೆ ಸಾಲು ಸರಿಯುತ್ತದೆ ಎಂದು ಕಾಯುವವರ ಹಾಗೆ ಸುಮ್ಮನೆ ನಿಂತಿದ್ದಳು. ನಾನು ಬರೆದ ಔಷಧದ ಅಂಗಡಿಯ ಬೋರ್ಡು ಇಸ್ತ್ರಿ ಅಂಗಡಿಯ ಎದುರಿಗೇ ಇದೆ ಅಕ್ಕಾ, ಆರು ಅಡಿ ಉದ್ದ, ಕೆಂಪಿಗೆ ಬಿಳಿ ನೆರಳು ಕೊಟ್ಟದ್ದು. ಎರಡು ವರ್ಷದಲ್ಲಿ ಅಮ್ಮ ಒಂದು ಸಲವೂ ಕತ್ತೆತ್ತಿ ನೋಡಿಲ್ಲ.

ಮಾರನೆಯ ದಿನ ಕಚೇರಿಯಿಂದ ನಮ್ಮ ಬೋರ್ಡಿನ ಅಂಗಡಿಗೆ ಆಳು ಬಂದ. ಹೊಸ ಅಧಿಕಾರಿಗೆ ಆ ಸಾಲು ಕಣ್ಣಿಗೆ ಚುಚ್ಚುತ್ತದಂತೆ. ಈ ಶುಕ್ರವಾರ ಹತ್ತು ಗಂಟೆಗೆ ನಿಮ್ಮ ಅರ್ಜಿಗಳನ್ನು ವಿಚಾರಿಸಲು ಮೇಲಿನವರು ಬರುವುದರೊಳಗೆ ಗೋಡೆ ಬೆಳ್ಳಗಿರಬೇಕಂತೆ. ಯಜಮಾನರು ಕತ್ತು ತುರಿಸಿಕೊಂಡು, "ಪಾಪ, ಯಾರೋ ಕಷ್ಟಪಟ್ಟು ಬರೆದಿದ್ದು ಕಣಮ್ಮ, ನನಗೆ ಮನಸ್ಸು ಬರಲ್ಲ, ಬೇರೆಯವರಿಗೆ ಹೇಳಲಿ ಬಿಡು" ಎಂದರು. ನೋಡು, ಅವರೇ ಬೇಡ ಎಂದಿದ್ದರು. "ನಾನು ಹೋಗ್ತೀನಿ" ಎಂದವಳು ನಾನು.

ದರ್ಜಿಯಿಂದ ಶುರು ಮಾಡಿದೆ. ಒಬ್ಬೊಬ್ಬರ ಮುಖ ಮುಚ್ಚುವಾಗಲೂ ತಪ್ಪಾಯಿತು ಎಂದುಕೊಂಡೆ, ಕೈ ಮಾತ್ರ ನಿಲ್ಲಲಿಲ್ಲ. ನಿನ್ನ ಹತ್ತಿರ ಬಂದಾಗ ಏನೂ ಅಂದುಕೊಳ್ಳಲಿಲ್ಲ. ಉಳಿದವರಿಗೆಲ್ಲ ಒಂದು ಕೈ ಬಳಿದೆ, ನಿನಗೆ ಎರಡು. ಕಾವಲಿನವನು ಗೇಟಿಗೆ ಒರಗಿಕೊಂಡು, "ಭಲೇ! ನಾಲ್ಕು ವರ್ಷದಿಂದ ಕೆಲಸ ಆಗದೆ ನಿಂತಿದ್ದವರನ್ನ ಒಂದೇ ಗಂಟೇಲಿ ಕಳಿಸಿಬಿಟ್ಟೆಯಲ್ಲಮ್ಮ. ನಿನ್ನನ್ನೇ ಕೌಂಟರಿಗೆ ಕೂರಿಸ್ಬೇಕು" ಎಂದ. ಅವನಿಗೆ ಅದು ತಮಾಷೆ. ನಾನು ಬಕೆಟ್ಟು ಎತ್ತಿಕೊಂಡು ಓಡಿ ಬಂದೆ.

ಮನೆಯಲ್ಲಿ ಅಮ್ಮ ನನ್ನನ್ನು ನೋಡಿದಳು. "ಕಿವಿ ಹಿಂದೆ ಬಿಳಿ ಇದೆ, ತೊಳ್ಕೋ" ಎಂದಳು, ಅಷ್ಟೇ. ನಿನ್ನೆ ಸಂಜೆಯೂ ಅವಳು ತಡವಾಗಿ ಬಂದಳು. ನನಗೆ ಬಡಿಸಿ, ತಾನು ಉಣ್ಣದೆ ಒಲೆಯ ಕಡೆ ತಿರುಗಿ ನಿಂತಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಅಪ್ಪ ಮೆಟ್ಟಿಲಿಂದ ಕಳಿಸಿದರು, ಗೋಡೆಯಿಂದ ನಾನು ಕಳಿಸಿದೆ. ಅಮ್ಮನಿಗೆ ನಿನ್ನನ್ನು ನೋಡಲು ಇದ್ದ ಜಾಗ ಅದೊಂದೇ. ಅದು ನನಗೆ ಗೊತ್ತಿತ್ತು ಎನ್ನುವುದೇ ನನ್ನ ತಪ್ಪಿನ ಪೂರ್ತಿ ಅಳತೆ.

ಕ್ಷಮಿಸು ಎಂದು ಕೇಳುವುದಕ್ಕೆ ನಾಲಿಗೆ ಏಳುತ್ತಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವವೇ ಹಾಗೆ, ಅದಕ್ಕೂ ನನಗೆ ಉರಿಯುತ್ತದೆ. ಬೇಕಿದ್ದರೆ ನಿನ್ನ ನಲವತ್ತು ಜನರ ಮುಂದೆ ನಿಲ್ಲಿಸಿ ಬೈಯಿ, ಬರುತ್ತೇನೆ. ದರ್ಜಿಗೆ ನನ್ನ ನಮಸ್ಕಾರ ತಿಳಿಸು, ಅವಳು ತೆಗೆದುಕೊಂಡರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನ ಮೊದಲನೇ ತಂಗಿ
(ಆ ಜಾಗವನ್ನು ನೀನೇ ಕಿತ್ತುಕೊಳ್ಳುವವರೆಗೆ)

ಇನ್ನೊಂದು ಮಾತು: ಪತ್ರ ಮಡಚುವಷ್ಟರಲ್ಲಿ ಅಮ್ಮ ಬಂದಳು. ಅವಳ ಬಲ ಅಂಗೈ ಪೂರ್ತಿ ಬೆಳ್ಳಗಿದೆ. ಗೋಡೆಯ ಕೊನೆಯಲ್ಲಿ ಅಂಗೈಯಿಂದ ಉಜ್ಜಿದಳಂತೆ, ಮೊಣಕೈಯ ತೇಪೆ ಕಾಣಿಸಿತಂತೆ. ಆಗ ನನಗೆ ಹೊಳೆಯಿತು. ನುಣುಪಾದ ಎನಾಮೆಲ್ ಬಣ್ಣದ ಮೇಲೆ ಮೊದಲು ಉಪ್ಪುಕಾಗದ ಉಜ್ಜಿ ಒರಟು ಮಾಡಬೇಕು, ಸುಣ್ಣಕ್ಕೆ ಗೋಂದು ಬೆರೆಸಬೇಕು, ಇಲ್ಲದಿದ್ದರೆ ಕೂರುವುದಿಲ್ಲ. ನಾನು ಎರಡನ್ನೂ ಮಾಡಿಲ್ಲ. ನಿನ್ನ ಚಿತ್ರ ಉಳಿಸಲೆಂದೇ ಬಿಟ್ಟೆ ಎಂದು ಬರೆಯಲು ಎಷ್ಟು ಆಸೆಯಾಗುತ್ತಿದೆ ಗೊತ್ತಾ! ಹಾಗಲ್ಲ, ಸಿಟ್ಟಿನಲ್ಲಿ ಮರೆತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹನ್ನೊಂದು ಜನವೂ ಹಾಗೇ ಇರುತ್ತಾರೆ. ಆದರೆ ಈಗಲೇ ಹೋಗಿ ಮುಟ್ಟಬೇಡ, ಕಚೇರಿಯವರು ನೋಡಿದರೆ ಮತ್ತೆ ಬೇರೆ ಯಾರಿಂದಲಾದರೂ ಗಟ್ಟಿಯಾಗಿ ಬಳಿಸುತ್ತಾರೆ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಎಲ್ಲರನ್ನೂ ಕರೆದುಕೊಂಡು ಬಾ. ಮೇಲಿನವರು ಬರುವ ಹತ್ತು ಗಂಟೆಗೆ ಸಾಲು ನಿಂತಿರಬೇಕು. ನನ್ನ ಹತ್ತಿರ ಎರಡೇ ಬಕೆಟ್ಟಿವೆ, ಉಳಿದದ್ದು ನೀವು ತನ್ನಿ. ಕೆಲಸ ಹೋದರೆ ಹೋಗಲಿ. ಅಮ್ಮನೂ ಬರುತ್ತಾಳಂತೆ, ಅಪ್ಪ ಎದುರಿಗಿರುವಾಗಲೇ ಗಟ್ಟಿಯಾಗಿ ಹೇಳಿದಳು. ನಿನ್ನನ್ನು ಅವಳೇ ಒರೆಸುತ್ತಾಳೆ, ಆಗಲಿ. ಆದರೆ ಅವಳ ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಲ್ಲುವವಳು ನಾನು, ಆ ಜಾಗವನ್ನು ನಿನ್ನ ನಲವತ್ತು ಜನರಲ್ಲಿ ಯಾರಿಗೂ ಬಿಟ್ಟುಕೊಡುವುದಿಲ್ಲ.