ಸೋಮವಾರದ ತುಕ್ಕು

೧೯ ಅಕ್ಟೋಬರ್, ಸೋಮವಾರ
ಅಂಗಡಿಯಿಂದ

ಪ್ರೀತಿಯ ಗುಂಡಿ,

ಇಲ್ಲಿ ನಾನೂ ಅಜ್ಜಿಯೂ ಚೆನ್ನಾಗಿದ್ದೇವೆ. ಈ ಸಲ ಇದು ಬರೀ ಕಾಗದದ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇವೆ. ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಮದುವೆಯಾದವಳನ್ನು ಇನ್ನೂ ಗುಂಡಿ ಗುಂಡಿ ಅಂತ ಕರೆಯಬೇಡಿ ಅನ್ನುತ್ತಾರೆ ಅಜ್ಜಿ. ಅಂಗಿ ಗುಂಡಿಗಳ ಡಬ್ಬಿಯನ್ನು ಬೋರಲು ಹಾಕಿಕೊಂಡು, ಇದೇ ಮೇಜಿನ ಕೆಳಗೆ ಆಡುತ್ತಾ ಬೆಳೆದವಳಿಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಇಷ್ಟು ದಿನ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ದಿನಚರಿಯಲ್ಲಿ ಅಜ್ಜಿಯ ಬಗ್ಗೆ ಬರೆದಿದ್ದೇ ಕೈಗೆ ಬರುತ್ತಿತ್ತು: ಅತ್ತೆ ಇವತ್ತೂ ಸರಿಯಾಗಿ ಊಟ ಮಾಡಲಿಲ್ಲ. ಅದನ್ನೇ ನಿನಗೂ ಬರೆದು ಏನು ಮಾಡುವುದು? ಅಮ್ಮನಿಗೆ ಹೊಲಿಯುತ್ತಿದ್ದ ಕೋಟು ಎಲ್ಲಿಗೆ ಬಂತು, ಮುಗಿದಿದ್ದರೆ ಈ ಚಳಿಗೆ ನನಗೆ ಕಳಿಸಿ ಅಂತ ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ನಿನ್ನೆಯ ಸುದ್ದಿ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆದೇ ಹೋಗುತ್ತದೆ.

ನಿನ್ನೆ ನಾನು ನಿಮ್ಮಮ್ಮನ ಕುಂಬಳದ ಟ್ರೇ ಮಾಡಿದೆ, ಭಾನುವಾರ ಭಾನುವಾರ ಓವನ್ನಿನಲ್ಲಿ ಬೇಯಿಸುತ್ತಿದ್ದಳಲ್ಲ, ಅದೇ. ಗೆದ್ದೆ!

ನಗಬೇಡ. ಟೀ ಕಾಯಿಸಲು ಹೋಗಿ ಪಾತ್ರೆ ಸೀಯಿಸಿದವನು ನಾನೇ, ಗೊತ್ತು. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ಹೋದ ತಿಂಗಳು ನಿಮ್ಮ ಚಿಕ್ಕಮ್ಮ ಬಂದಿದ್ದಳು. ಅಜ್ಜಿಯ ಕೈಬಳೆ ಮೊಣಕೈವರೆಗೂ ಜಾರುವುದನ್ನು ನೋಡಿ ಅಲ್ಲೇ ಕಣ್ಣೀರು ಹಾಕಿಕೊಂಡಳು. ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು.

“ಭಾವ, ನಿಮ್ಮ ಮೇಲೆ ತಪ್ಪು ಹೊರಿಸ್ತಾ ಇಲ್ಲ. ಆದ್ರೆ ಅಮ್ಮ ಹೀಗೇ ಒಣಗ್ತಾ ಹೋದ್ರೆ ಹೇಗೆ? ಬರೋ ತಿಂಗಳು ಬಂದು ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ಮಕ್ಕಳ ಜೊತೆ ಎರಡು ತುತ್ತು ತಿಂತಾಳೆ.”

“ಅವರಿಗೆ ಕುಂಬಳದ ಟ್ರೇ ಬೇಕಂತೆ. ಅದೊಂದನ್ನೇ ಕೇಳ್ತಾರೆ,” ಅಂದೆ.

“ಅಕ್ಕನ ಕೈರುಚಿ ಅಕ್ಕನ ಜೊತೆ ಹೋಯ್ತು ಭಾವ. ನಾನೇ ಎಷ್ಟು ಸಲ ಮಾಡಿ ಬಿಟ್ಟಿದ್ದೀನಿ, ಬರೀ ನೀರು. ನೀವು ಅದಕ್ಕೆಲ್ಲ ಕೈ ಹಾಕ್ಬೇಡಿ.”

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಯೋಚನೆ ಮಾಡು, ಮಗಳೇ. ಈ ಮನೆಯಲ್ಲಿ ನಿಮ್ಮಮ್ಮನ ವಿಷಯ ಎತ್ತಿದರೆ ‘ಹೌದು, ಅವಳು ಹಾಗೇ’ ಅನ್ನುವ ಇನ್ನೊಂದು ಬಾಯಿ ಅಂದರೆ ಅಜ್ಜಿಯದು. ಅವರೂ ಹೋದರೆ ಮೇಲಿನ ಆ ಎರಡು ಕೋಣೆಯಲ್ಲಿ ನಾನು ಗೋಡೆಗೆ ಹೇಳಿಕೊಳ್ಳಬೇಕು. ನನಗೂ ಅವರಿಗೂ ಇಷ್ಟು ವರ್ಷ ಅಷ್ಟಕ್ಕಷ್ಟೇ ಇತ್ತು ಅನ್ನುವುದು ನಿನಗೆ ಗೊತ್ತೇ ಇದೆ. ಈಗಲೂ ನನ್ನನ್ನು ‘ಟೇಲರ್ ಸಾಹೇಬ್ರು’ ಅಂತಲೇ ಕರೆಯುತ್ತಾರೆ. ಆದರೂ ಅವರು ಬೇಕು.

ಆ ಭಾನುವಾರವೇ ಮಾರುಕಟ್ಟೆಯಿಂದ ಎಳೆಯ ಹಳದಿ ಕುಂಬಳ ತಂದೆ. ಕಾಲರಿಗೆ ಒಳಗೆ ಇಡುವ ಕ್ಯಾನ್ವಾಸು ಮೂರು ಪದರ ಮಡಿಸಿದಷ್ಟು ದಪ್ಪಕ್ಕೆ, ಒಂದರಂತೆ ಒಂದು ಬಿಲ್ಲೆ ಕೊಯ್ದೆ. ಅಜ್ಜಿ ಮಂಚದಿಂದಲೇ ಕತ್ತು ಚಾಚಿ ನೋಡಿ, “ಕುಂಬಳಕ್ಕೂ ಅಳತೆ ತಗೊಂಡ್ರಾ? ಸೊಂಟ ಎಷ್ಟು ಬಂತು?” ಅಂದರು. ಈರುಳ್ಳಿ ಹುರಿದು, ಹಾಲು, ಮೊಟ್ಟೆ, ಚೀಸ್ ಎಲ್ಲ ಕಲಸಿ, ಮೇಲೆ ಒಣ ಬ್ರೆಡ್ಡಿನ ಪುಡಿ ಉದುರಿಸಿ ಓವನ್ನಿಗೆ ಇಟ್ಟೆ. ನಿಮ್ಮಮ್ಮ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದಷ್ಟು ನೆನಪಿತ್ತು. ಟ್ರೇ ಹೊರಗೆ ತೆಗೆದಾಗ ಮೇಲೆ ಹೊಂಬಣ್ಣ, ಚೆನ್ನಾಗೇ ಇತ್ತು. ಸೌಟು ಹಾಕಿದೆ ನೋಡು, ಕೆಳಗೆಲ್ಲ ಕೆರೆ. ಬ್ರೆಡ್ಡಿನ ಪುಡಿ ಮುಳುಗಿಹೋಯಿತು.

ಅಜ್ಜಿ ತಟ್ಟೆಯನ್ನು ಓರೆ ಮಾಡಿ ನೀರು ಹರಿಯುವುದನ್ನು ನೋಡಿದರು. “ಇದನ್ನ ತಿನ್ಬೇಕಾ, ಇದರಲ್ಲಿ ಬಟ್ಟೆ ಜಾಲಿಸ್ಬೇಕಾ?”

ಮುಂದಿನ ಭಾನುವಾರ ಎದುರು ಬೇಕರಿಯವನ ಸಲಹೆ ಕೇಳಿದೆ. ಒಣ ಬ್ರೆಡ್ಡು ಕೊಡುತ್ತಾ, “ಮೊಟ್ಟೆ ಜಾಸ್ತಿ ಒಡೀರಿ ಸ್ವಾಮಿ, ಮೈದಾನೂ ಸೇರಿಸಿ, ನೀರು ಎಲ್ಲಿ ಓಡುತ್ತೆ ನೋಡೋಣ,” ಅಂದ. ನೀರು ಓಡಲಿಲ್ಲ, ಸರಿ. ಆದರೆ ಸೌಟೂ ಒಳಗೆ ಹೋಗಲಿಲ್ಲ. ಅಜ್ಜಿ ಒಂದು ತುಂಡನ್ನು ಬೆರಳಿಂದ ತಟ್ಟಿ, “ನನ್ನ ಹಳೇ ಚಪ್ಪಲಿಗೆ ಅಟ್ಟೆ ಬೇಕಿತ್ತು, ಎತ್ತಿಡಿ,” ಅಂದರು. ಅವತ್ತು ಅರ್ಧ ಬಾಳೆಹಣ್ಣು ತಿಂದು ಮಲಗಿದರು. ಜೋಕು ಮಾಡಿದರೂ ಕೈಬಳೆ ಮಾತ್ರ ಇನ್ನಷ್ಟು ಸಡಿಲವಾಗಿತ್ತು.

ಆಮೇಲೆ ವಾರವೆಲ್ಲ ಹೊಲಿಗೆ ಮಷೀನು ತುಳಿಯುತ್ತಾ ಅದನ್ನೇ ಯೋಚಿಸಿದೆ. ಅವಳೂ ಅದೇ ಕುಂಬಳ ತರುತ್ತಿದ್ದಳು, ಅದೇ ಓವನ್ನು, ಅದೇ ಟ್ರೇ. ಅವಳ ಕುಂಬಳದ ನೀರು ಎಲ್ಲಿಗೆ ಹೋಗುತ್ತಿತ್ತು?

ಮೂರನೇ ಸಲ ಶುರು ಮಾಡಿದ್ದು ನಿನ್ನೆ. ಸಂಜೆಗೆ ಚಿಕ್ಕಮ್ಮ ಬರುವವಳಿದ್ದಳು. ಅಜ್ಜಿಯ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೆ. ಮಡಿಸುವುದು ನನ್ನ ಕಸುಬೇ, ಆದರೂ ಆ ಸೀರೆಗಳ ಅಂಚು ಒಂದಕ್ಕೊಂದು ಕೂಡಿಬರಲಿಲ್ಲ.

ಬಿಲ್ಲೆ ಕೊಯ್ದು ಮುಗಿಸಿದ್ದೆ. ಅಜ್ಜಿ ಇದ್ದಕ್ಕಿದ್ದ ಹಾಗೆ, “ನೀವು ಮಾಡೋವಾಗ ಧೊಪ್ ಅನ್ನೋದೇ ಇಲ್ವಲ್ಲ,” ಅಂದರು.

“ಏನು ಧೊಪ್, ಅತ್ತೆ?”

“ಅವಳು ಮಾಡೋವಾಗ ಈರುಳ್ಳಿ ಹೆಚ್ಚೋ ಸದ್ದು ಬರೋದು, ಆಮೇಲೆ ಮೆಟ್ಟಿಲು ಇಳಿದು ಹತ್ತೋ ಸದ್ದು. ಆಮೇಲೆ ಕಟ್ಟೆ ಮೇಲೆ ಧೊಪ್. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ, ಬಂದು ನನ್ನ ಕಾಲ ಹತ್ತಿರ ಕೂತು ಮಾತಾಡ್ತಿದ್ಲು. ನಿಮ್ಮ ಅಡುಗೇಲಿ ಬರೀ ಗಡಿಬಿಡಿ. ಧೊಪ್ಪೂ ಇಲ್ಲ, ಮಾತೂ ಇಲ್ಲ.”

ನಾನು ಅಡುಗೆಮನೆಯೆಲ್ಲ ಕಣ್ಣಾಡಿಸಿದೆ. ಧೊಪ್ ಅನ್ನುವಂಥದ್ದು ಅಲ್ಲಿ ಏನಿದೆ? ಅಷ್ಟರಲ್ಲಿ ಗಾಬರಿಗೆ ಹಾಲಿನ ಲೋಟ ಉರುಳಿತು. ಒರೆಸಲು ಬಟ್ಟೆ ಹುಡುಕುತ್ತಾ ಓವನ್ನಿನ ಕೆಳಗಿನ ಖಾನೆ ಎಳೆದೆ. ಅಲ್ಲಿ ನನ್ನ ಅಂಗಡಿಯದೇ ತೆಳ್ಳನೆ ಬಿಳಿ ಹತ್ತಿ ಬಟ್ಟೆ, ಒಗೆದು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದು. ಬಿಡಿಸಿದರೆ ನಡುವೆ ಒಂದು ಕಂದು ಗುರುತು. ಹಿಂದೆ ಅಗಲ, ಮುಂದೆ ಹೋಗ್ತಾ ಹೋಗ್ತಾ ಚೂಪು, ದೋಣಿಯ ಹಾಗೆ.

ಬೇರೆ ಯಾರಾದರೂ ನೋಡಿದ್ದರೆ ಇಸ್ತ್ರಿ ಮಾಡುವಾಗ ಸುಟ್ಟಿದೆ ಅನ್ನುತ್ತಿದ್ದರು. ಸುಟ್ಟ ಕಲೆ ಯಾವುದು, ತುಕ್ಕಿನ ಕಲೆ ಯಾವುದು ಅನ್ನುವುದು ನನಗೆ ಗೊತ್ತಿಲ್ಲದಿದ್ದರೆ ಇಷ್ಟು ವರ್ಷ ಕತ್ತರಿ ಹಿಡಿದಿದ್ದಕ್ಕೆ ಏನು ಅರ್ಥ? ಸುಟ್ಟ ಬಟ್ಟೆ ಬೆರಳಿಗೆ ಗರಿಗರಿ ಅನ್ನುತ್ತದೆ. ಇದು ಮೆತ್ತಗಿತ್ತು. ತುಕ್ಕು.

ಕೆಳಗೆ ಓಡಿದೆ. ಕೋಟುಗಳಿಗೆ ಮಾತ್ರ ಅಂತ ಇಟ್ಟಿರುವ ಕೆಂಡದ ಇಸ್ತ್ರಿಪೆಟ್ಟಿಗೆ ನಿನಗೆ ನೆನಪಿದೆಯಲ್ಲ, ನನ್ನ ಗುರುಗಳು ಕೊಟ್ಟಿದ್ದು, ಯಾರೂ ಮುಟ್ಟಬಾರದು ಅಂತ ನಿನ್ನ ಕೈಗೂ ಒಂದು ಏಟು ಕೊಟ್ಟಿದ್ದೆ, ಅದನ್ನು ಹೊತ್ತುಕೊಂಡು ಮೇಲೆ ಬಂದು ಆ ಗುರುತಿನ ಮೇಲೆ ಇಟ್ಟೆ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಗುಂಡಿ, ನಾನು ಕಟ್ಟೆ ಹಿಡಿದುಕೊಂಡು ನಕ್ಕೆ. ಒಬ್ಬನೇ ನಿಂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಪ್ರತಿ ಸೋಮವಾರ ಬೆಳಗ್ಗೆ ಆ ಪೆಟ್ಟಿಗೆಯ ತಳದಲ್ಲಿ ತುಕ್ಕು! ಮರಳು ಕಾಗದದಲ್ಲಿ ಉಜ್ಜುತ್ತಾ ನಾನು ಗೊಣಗುತ್ತಿದ್ದುದು ನಿನಗೂ ಕೇಳಿರಬೇಕು. ಮೇಣ ಸವರಿದೆ, ಕಪಾಟಿನಲ್ಲಿ ಇಟ್ಟೆ, ಕಿಟಕಿಗೆ ಹಲಗೆ ಹೊಡೆಸಿದೆ. “ಈ ಮನೆ ಗಾಳೀಲೇ ಉಪ್ಪಿದೆ ಕಣೇ,” ಅಂತ ನಿಮ್ಮಮ್ಮನಿಗೆ ಹೇಳುತ್ತಿದ್ದೆ. ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, “ಇರಬಹುದು ಬಿಡಿ. ಉಪ್ಪು ಎಲ್ಲಿಂದ ಹೇಗೆ ಬರುತ್ತೋ ಯಾರಿಗೆ ಗೊತ್ತು,” ಅನ್ನುತ್ತಿದ್ದಳು. ಕಳ್ಳಿ! ಭಾನುವಾರ ಮಧ್ಯಾಹ್ನ ನಾನು ಗೊರಕೆ ಹೊಡೆಯುವಾಗ ನನ್ನ ಗುರುಗಳ ಪೆಟ್ಟಿಗೆಯನ್ನು ಕುಂಬಳದ ಮೇಲೆ ಹೇರಿ, ಅಮ್ಮನ ಕಾಲ ಹತ್ತಿರ ಹಾಯಾಗಿ ಕೂತು ಹರಟೆ ಹೊಡೆಯುತ್ತಿದ್ದಳು.

“ಏನಾಯ್ತು? ತಲೆ ಕೆಟ್ಟಿತಾ?” ಅಂತ ಅಜ್ಜಿ ಒಳಗಿಂದ ಕೂಗಿದರು.

“ಧೊಪ್ ಸಿಕ್ತು ಅತ್ತೆ!”

ಬಿಲ್ಲೆಗಳಿಗೆ ಉಪ್ಪು ಸವರಿದೆ. ಅದೇ ಬಟ್ಟೆಯಲ್ಲಿ ಸುತ್ತಿ, ಒಂದು ಅಗಲವಾದ ಬೇಸಿನ್ನಿನೊಳಗೆ ತಟ್ಟೆ ಬೋರಲು ಹಾಕಿ ಅದರ ಮೇಲೆ ಇಟ್ಟೆ. ಪೆಟ್ಟಿಗೆ ಎತ್ತಿ ಮೇಲೆ ಹಾಕಿದೆ. ಧೊಪ್. ಒಳಗಿನಿಂದ ಅಜ್ಜಿ “ಹಾಂ!” ಅಂದರು. ನಾನೂ ಹೋಗಿ ಅವರ ಕಾಲ ಹತ್ತಿರ ಕೂತೆ.  ಅವರು, ನಿಮ್ಮಮ್ಮ ಚಿಕ್ಕವಳಿದ್ದಾಗ ಶಾಲೆಯ ಗಂಟೆಯ ಹಗ್ಗ ಕದ್ದು ಮನೆಗೆ ತಂದಿದ್ದ ಕಥೆ ಹೇಳಿದರು. ನಾನು ಅದನ್ನು ಕೇಳಿಯೇ ಇರಲಿಲ್ಲ. ಕದಿಯುವುದು ಆಗಿನಿಂದಲೇ ಇತ್ತು ಅನ್ನು!

ಕಥೆ ಮುಗಿಸಿ ಎದ್ದು ನೋಡಿದರೆ ಬೇಸಿನ್ನಿನಲ್ಲಿ ಎರಡು ಲೋಟದಷ್ಟು ನೀರು. ಬಿಲ್ಲೆಗಳು ಒದ್ದೆ ಚರ್ಮದ ಹಾಗೆ ಬಾಗುತ್ತಿದ್ದವು, ಮುರಿಯುತ್ತಿರಲಿಲ್ಲ. ಬೆಣ್ಣೆಯಲ್ಲಿ ಈರುಳ್ಳಿಯನ್ನು ಈ ಸಲ ಅವಸರ ಮಾಡದೆ ಬೆಲ್ಲದ ಬಣ್ಣ ಬರುವ ತನಕ ಹುರಿದೆ. ಕಾಳುಮೆಣಸು ದಪ್ಪಗೆ ಕುಟ್ಟಿ ಹಾಕಿದೆ. ಮೊಟ್ಟೆ ಎರಡೇ. ಮೈದಾ ಇಲ್ಲ, ಬೇಕರಿಯವನು ಬೈದುಕೊಳ್ಳಲಿ. ಓವನ್ನಿನೊಳಗೆ ಅಂಚುಗಳು ಪಟಪಟ ಸಿಡಿಯಲು ಶುರುವಾದವು. ಮೊದಲೆರಡು ಸಲ ಬಂದಿದ್ದು ಬರೀ ಗೊಳಗೊಳ ಸದ್ದು. ಮಣೆಯ ಮೇಲೆ ಕೂತು ಆ ಪಟಪಟ ಕೇಳಿದೆ. ವಾಸನೆ ಮೆಟ್ಟಿಲಿಳಿದು ಬೀದಿಗೆ ಹೋಗಿರಬೇಕು. ಬೇಕರಿಯವನು ಕೆಳಗಿಂದ, “ಏನ್ ಸ್ವಾಮೀ, ಅಮ್ಮಾವ್ರ ಟ್ರೇನಾ?” ಅಂತ ಕೂಗಿದ. ನಾನು ಕಿಟಕಿಯಿಂದ ಕೈ ಮಾತ್ರ ಆಡಿಸಿದೆ.

ಸೌಟು ಹಾಕಿದರೆ ಚೌಕದ ತುಂಡು ಚೌಕವಾಗಿಯೇ ಎದ್ದು ಬಂತು. ಕೆಳಗೆ ಒಂದು ಹನಿ ನೀರಿಲ್ಲ.

ಅಜ್ಜಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ನಾನು ಟ್ರಯಲ್ ಕೋಟು ತೊಡಿಸಿ ಗಿರಾಕಿಯ ಮುಖ ನೋಡುವ ಹಾಗೆ ನಿಂತಿದ್ದೆ.  ತಟ್ಟೆ ಮುಂದೆ ಚಾಚಿದರು. ಮತ್ತೆ ಬಡಿಸಿದೆ. ಮತ್ತೆ ಚಾಚಿದರು. ಮೂರನೇ ಸಲ ತಟ್ಟೆಯ ಗೊಡವೆಯೇ ಬೇಡ ಅಂತ ಟ್ರೇಯನ್ನೇ ಹತ್ತಿರ ಎಳೆದುಕೊಂಡು, ಮೂಲೆಯಲ್ಲಿ ಅಂಟಿದ್ದ ಗರಿಗರಿ ಚೂರುಗಳನ್ನು ಚಮಚದಿಂದ ಕೆರೆಯತೊಡಗಿದರು.

ಚಿಕ್ಕಮ್ಮ ಒಳಗೆ ಬಂದದ್ದು ಆಗ. ಬಾಗಿಲ ಬಳಿಯ ಚೀಲ ನೋಡಿದಳು, ಅಮ್ಮನನ್ನು ನೋಡಿದಳು, ಟ್ರೇ ನೋಡಿದಳು.

“ಭಾವ, ಎಲ್ಲಿಂದ ತರಿಸಿದ್ರಿ?”

“ಬಾಯಿಗೆ ಹಾಕ್ಕೊಂಡು ಮಾತಾಡು,” ಅಂತ ಅಜ್ಜಿ ಚಮಚ ಅವಳ ಮುಂದೆ ಹಿಡಿದರು. ಚಿಕ್ಕಮ್ಮ ನಿಂತುಕೊಂಡೇ ತಿಂದಳು. ಇನ್ನೊಂದು ಚಮಚ ತಾನೇ ತೆಗೆದುಕೊಂಡಳು. ಆಮೇಲೆ, “ಅಕ್ಕಂದೇ,” ಅಂದಳು. “ಭಾವ, ಇದು ಅಕ್ಕಂದೇ. ನೀರು ಏನ್ಮಾಡಿದ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, “ಹೇಳ್ಬೇಡಿ ಟೇಲರ್ ಸಾಹೇಬ್ರೇ! ತಿನ್ಬೇಕು ಅನ್ನಿಸಿದ್ರೆ ಇಲ್ಲಿಗೇ ಬರಲಿ,” ಅಂದರು. “ಆ ಚೀಲ ಒಳಗಿಡು ಮಗಳೇ. ಇವರಿಗೆ ಇವತ್ತು ತಾನೇ ಅಡುಗೆ ಬಂದಿದೆ. ನಾನು ಬಿಟ್ಟು ಬಂದ್ರೆ ಮತ್ತೆ ಅಟ್ಟೆ ಮಾಡೋಕೆ ಶುರು ಮಾಡ್ತಾರೆ. ಬೈಯೋರು ಒಬ್ಬರಾದ್ರೂ ಬೇಡ್ವಾ?”

ಚೀಲವನ್ನು ಒಳಗಿಟ್ಟವಳು ಚಿಕ್ಕಮ್ಮನೇ. ಹೋಗುವಾಗ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು, “ಮುಂದಿನ ಭಾನುವಾರ ಮಕ್ಕಳನ್ನೂ ಕರ್ಕೊಂಡು ಬರ್ತೀನಿ ಭಾವ,” ಅಂದಳು. ದೊಡ್ಡ ಟ್ರೇ ಕೊಳ್ಳಬೇಕು.

ಇಷ್ಟು ಬರೆದ ಮೇಲೆ ಕೈ ಹಗುರವಾಯಿತು. ನೀನು ಮಾಡುವುದಿದ್ದರೆ ಇಸ್ತ್ರಿಪೆಟ್ಟಿಗೆಯೇ ಬೇಕು ಅಂತಿಲ್ಲ, ಯಾವ ಭಾರವಾದರೂ ಆದೀತು. ಆದರೆ ಅದು ಕೂತಿರುವಷ್ಟು ಹೊತ್ತು ಯಾರ ಹತ್ತಿರವಾದರೂ ಕೂತು ಮಾತಾಡು. ಅದನ್ನು ಬಿಡಬೇಡ. ನೀವಿಬ್ಬರೂ ಹೊಟ್ಟೆ ತುಂಬ ಉಂಡು, ಮನೆ ತುಂಬ ನಗುತ್ತಾ ಬಾಳಿ. ಅಜ್ಜಿಯ ಆಶೀರ್ವಾದವನ್ನೂ ಇದರೊಳಗೇ ಸೇರಿಸಿದ್ದೇನೆ. ಅವರು ಈಗ ಮಲಗಿದ್ದಾರೆ, ಹೊಟ್ಟೆ ತುಂಬಿದವರ ನಿದ್ದೆ.

ನಿನ್ನ
ಅಪ್ಪ

ತಾ.ಕ.: ಕೋಟು. ಕೊನೆಯಲ್ಲಿ ಬರೆಯುತ್ತೇನೆ ಅಂದವನು ಹಾಗೇ ಕಾಗದ ಮಡಿಸಿಬಿಡುತ್ತಿದ್ದೆ. ಇನ್ನೂ ಮುಗಿದಿಲ್ಲ ಅಂತ ಹಿಂದಿನ ಕಾಗದದಲ್ಲಿ ನಿನಗೆ ಬರೆದಿದ್ದೆ, ಅದು ಸುಳ್ಳಲ್ಲ. ಆದರೆ ಹೊಲಿಗೆ ಎಲ್ಲ ಮುಗಿದಿದೆ. ನಿಮ್ಮಮ್ಮ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಕೊನೆಯ ಗುಂಡಿ ಹಾಕಿದ್ದೆ. ಅವಳು ಕೈ ತೂರಿಸಿ ನೋಡಿ, ತೋಳು ಸರಿಯಾಗಿದೆ ಅಂದಿದ್ದಳು. ಉಳಿದಿರುವುದು ಅದೇ ಇಸ್ತ್ರಿಪೆಟ್ಟಿಗೆ ಕಾಯಿಸಿ ಒಂದು ಸಲ ಒತ್ತುವುದು, ಅಷ್ಟೇ. ಒತ್ತಿದರೆ ಬಟ್ಟೆ ಮುಗಿಯಿತು. ಮುಗಿದ ಬಟ್ಟೆಯನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಬಾರದು, ಕೊಟ್ಟುಬಿಡಬೇಕು. ಅವಳು ಹೋದ ಮೇಲೆ ಆ ಪೆಟ್ಟಿಗೆಗೆ ಒಂದು ಸೋಮವಾರವೂ ತುಕ್ಕು ಹಿಡಿಯಲಿಲ್ಲ. ಯಾಕೆ ಅಂತ ನಾನು ಯೋಚಿಸಿರಲೂ ಇಲ್ಲ. ಕೋಟು ಒತ್ತದೆ ಇರಲು ನನಗೊಂದು ನೆಪವೂ ಇರಲಿಲ್ಲ. ಇವತ್ತು ಬೆಳಗ್ಗೆ ನೋಡಿದರೆ ತಳದಲ್ಲಿ ಮತ್ತೆ ತುಕ್ಕು. ಮರಳು ಕಾಗದ ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟೆ. ತುಕ್ಕಿನ ಪೆಟ್ಟಿಗೆಯನ್ನು ಒಳ್ಳೆಯ ಬಟ್ಟೆಯ ಮೇಲೆ ಇಡಲಾಗುವುದಿಲ್ಲ. ಮುಂದಿನ ಭಾನುವಾರ ಮತ್ತೆ ಟ್ರೇ ಇದೆ. ಈ ಚಳಿಗೆ ನೀನು ಅಲ್ಲೇ ಒಂದು ಕೋಟು ಕೊಂಡುಕೋ, ಮಗಳೇ.