ನಾಲ್ಕನೆಯ ತೋಟಾ

ವಿಲೋ ಫ್ಲಾಟ್, ಮೊಂಟಾನಾ
ಅಕ್ಟೋಬರ್ ೧೮೮೬, ಗುರುವಾರ

ನನ್ನ ಮುದ್ದಿನ ಆನ್ಸೆಲ್,

ನಿನ್ನ ಕೆಮ್ಮು ಈಗ ಹೇಗಿದೆ? ಪೋರ್ಟ್‌ಲ್ಯಾಂಡಿನ ತೇವದ ಗಾಳಿ ನಿನ್ನ ಎದೆಗೆ ಆಗಿಬರುವುದಿಲ್ಲವೆಂದು ನೀನು ಹೊರಟಾಗಲೇ ಹೇಳಿದ್ದೆ. ಬಾತುಕೋಳಿಯ ಕೊಬ್ಬನ್ನು ಬಿಸಿ ಮಾಡಿ ಎದೆಗೆ ಹಚ್ಚಿ ಉಣ್ಣೆಬಟ್ಟೆ ಸುತ್ತಿಕೊಂಡು ಮಲಗಲು ಸೊಸೆ ಎಡಿತ್ ನೆನಪಿಸಲಿ, ನೀನಾಗಿ ಮಾಡುವವನಲ್ಲ. ನಾನು ಚೆನ್ನಾಗಿದ್ದೇನೆ, ಕೈಗಳನ್ನು ಬಿಟ್ಟು. ಅಕ್ಷರಗಳು ಕಾಗೆ ಕಾಲಿನಂತಿದ್ದರೆ ಬೈಯಬೇಡ. ಎರಡೂ ಅಂಗೈಗೆ ಬಟ್ಟೆ ಸುತ್ತಿದೆ, ಲೇಖನಿಯನ್ನು ಬೆರಳ ತುದಿಯಲ್ಲಿ ಹಿಡಿದಿದ್ದೇನೆ. ಯಾಕೆಂದು ಹೇಳುತ್ತೇನೆ. ಕೂತುಕೊಂಡು ಓದು, ಕಂದಾ.

ನಿನ್ನ ಭಾವ ಟೋರ್ವಾಲ್ಡ್ ಸತ್ತ. ಮೃದುವಾಗಿ ಹೇಳುವ ದಾರಿ ಹುಡುಕಿದೆ, ಸಿಗಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮ ಕಣ್ಣೆದುರಿಗೇ ಅವನನ್ನು ಕುದುರೆಗೆ ಕಟ್ಟಿ ಎಳೆದು ಕೊಂದರು.

ಅಂದು ಸುಗ್ಗಿಯ ಗುರಿ ಪಂದ್ಯ. ನಿನ್ನಕ್ಕ ರಾಕ್ಸಿ ಈ ಸಲವೂ ನಿಮ್ಮಪ್ಪನ ಬಂದೂಕಿನಲ್ಲೇ ಹೊಡೆಯುತ್ತೇನೆಂದು ಹಟ ಹಿಡಿದಿದ್ದಳು. ಕಾಡೆಮ್ಮೆ ಬೇಟೆಯ ಕಾಲದ ಆ ಬಂದೂಕಿನ ಭಾರಕ್ಕೆ ಗಂಡಸರ ಭುಜವೇ ಸೋಲುತ್ತದೆ. ವಾರವೆಲ್ಲ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ತೋಟಾ ತುಂಬಿದೆವು. ನಿನಗೆ ಗೊತ್ತಲ್ಲ ನನ್ನ ಪದ್ಧತಿ: ಹಿತ್ತಾಳೆ ಚಿಪ್ಪನ್ನು ತೊಳೆದು ಒಣಗಿಸಿ, ಕರಿಮದ್ದನ್ನು ಉದ್ದದ ಕೊಳವೆಯಿಂದ ಸಣ್ಣಗೆ ಸುರಿಯಬೇಕು, ಕಾಳು ಕಾಳಿಗೆ ಅಂಟಿ ಕೂರುವ ಹಾಗೆ. ಅದರ ಮೇಲೆ ರಟ್ಟಿನ ಬಿಲ್ಲೆ ಒತ್ತಿ, ಕಾಗದ ಸುತ್ತಿದ ಸೀಸದ ಗುಂಡು ಕೂರಿಸಬೇಕು. ಟೋರ್ವಾಲ್ಡ್ ಒಲೆಯ ಪಕ್ಕ ಕೂತು ಗುಂಡಿಗೆ ಸವರಲು ಜೇನುಮೇಣಕ್ಕೆ ಕುರಿಕೊಬ್ಬು ಬೆರೆಸಿ ಕಾಯಿಸುತ್ತಿದ್ದ. “ನಮ್ಮ ಕುರಿ ಕೊಬ್ಬಿಲ್ಲದಿದ್ರೆ ನಿಮ್ಮ ಗುಂಡು ಬೇಲಿನೂ ದಾಟಲ್ಲ ಅತ್ತೆ” ಎಂದು ನಗುತ್ತಿದ್ದ. ನಾರ್ವೆಯವನು, ಬಂದೂಕು ಮುಟ್ಟಿದವನೇ ಅಲ್ಲ. ಸದ್ದು ಕೇಳಿದರೆ ಕುರಿಗಳಿಗಿಂತ ಮೊದಲು ಅವನೇ ಬೆಚ್ಚುತ್ತಿದ್ದ.

ಪಂದ್ಯಕ್ಕೆ ದನದ ಕಂಪನಿಯ ಮೇಸ್ತ್ರಿ ಸೈರಸ್ ಬ್ಲೆಡ್ಸೋ ಬಂದಿದ್ದ. ಬೇಸಿಗೆಯಲ್ಲಿ ಹೊಳೆಯಾಚೆಯ ಹುಲ್ಲು ಕಂಪನಿಯದೆಂದು ಟೋರ್ವಾಲ್ಡ್‌ನ ನಾಯಿಗಳಿಗೆ ವಿಷ ಹಾಕಿಸಿದವನು ಅವನೇ. ಗುರಿ ಹಿಡಿಯುವವರ ಸಾಲಿನಲ್ಲಿ ರಾಕ್ಸಿಯ ಪಕ್ಕದಲ್ಲೇ ನೆಲಕ್ಕೆ ಮಲಗಿ, ಎಲ್ಲರಿಗೂ ಕೇಳುವ ಹಾಗೆ ಅಂದ: “ಏನಮ್ಮಾ, ಕುರಿ ಕಾಯೋನ ಹೆಂಡ್ತಿಗೆ ಬಂದೂಕು ಯಾಕೆ? ಮನೇಲಿ ಉಣ್ಣೆ ನೂಲೋದು ಬಿಟ್ಟು?” ರಾಕ್ಸಿ ತಲೆ ಎತ್ತಲಿಲ್ಲ. “ನೂಲೋದು ಆಯ್ತು ಬ್ಲೆಡ್ಸೋ. ಈಗ ಸೂಜಿಗೆ ದಾರ ಪೋಣಿಸ್ತಿದೀನಿ” ಅಂದಳು. ಜನ ಗೊಳ್ಳೆಂದು ನಕ್ಕರು. ಗುರಿಗೆಂದು ದೂರದ ದಿಣ್ಣೆಯ ಮೇಲೆ ನಿಲ್ಲಿಸಿದ್ದ ಕಬ್ಬಿಣದ ಕಾಡೆಮ್ಮೆಯನ್ನು ಅವಳು ಒಂದು ಸಲವೂ ತಪ್ಪಲಿಲ್ಲ. ಗುಂಡು ಹೊರಟ ಮೇಲೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಇರುತ್ತಿರಲಿಲ್ಲ, ಆಮೇಲೆ ಠಣ್. ಬ್ಲೆಡ್ಸೋ ಮೊದಲ ಸುತ್ತಿನಲ್ಲೇ ನಳಿಗೆಗೆ ಉಸಿರೂದಿ ತೇವ ಮಾಡದೆ ಹೊಡೆಯತೊಡಗಿದ. ಒಳಗಿನ ಮಸಿ ಒಣಗಿ ಗಟ್ಟಿಯಾಯಿತು, ಅವನ ಗುಂಡುಗಳು ಕುಡುಕರಂತೆ ಅತ್ತಿತ್ತ ಹೋದವು. ಸೋತ. ಯಾರೋ ಹಿಂದಿನಿಂದ ಕುರಿಯಂತೆ ಬ್ಯಾ ಎಂದು ಕೂಗಿದರು. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಬಂದೂಕನ್ನು ಗಾಡಿಗೆಸೆದು, ತನ್ನ ಇಬ್ಬರು ಆಳುಗಳನ್ನು ಕರೆದುಕೊಂಡು ಕುದುರೆ ಏರಿದ. ಮನೆಗೆ ಹೋದನೆಂದುಕೊಂಡೆವು.

ನಾವು ಗಾಡಿಯ ನೆರಳಿನಲ್ಲಿ ಕೂತು ಬೀನ್ಸು ಉಣ್ಣುತ್ತಿದ್ದಾಗ, ಟೋರ್ವಾಲ್ಡ್ ಮಂದೆ ಕಾಯುತ್ತಿದ್ದ ಹೊಳೆಯಾಚೆಯ ಬಯಲಿನಿಂದ ಕುರಿಗಳ ಕಿರುಚಾಟ ಕೇಳಿತು. ಅಲ್ಲಿಗೆ ಅರ್ಧ ಮೈಲಿಗೂ ಹೆಚ್ಚು. ರಾಕ್ಸಿಗೆ ಕಾಣಲೆಂದೇ ಅವನು ಆ ಜಾಗ ಆರಿಸಿಕೊಂಡಿದ್ದ. ಆಳುಗಳು ದೊಣ್ಣೆ ಹಿಡಿದು ಮಂದೆಯೊಳಗೆ ಕುದುರೆ ನುಗ್ಗಿಸಿದ್ದರು. ಬಿಳಿಯ ಮಂದೆಯಲ್ಲಿ ಕೆಂಪು ಹಬ್ಬುವುದು ಅಷ್ಟು ದೂರಕ್ಕೂ ಕಂಡಿತು. ಟೋರ್ವಾಲ್ಡ್ ಬರಿಗೈಯಲ್ಲಿ ಅವರಿಗೆ ಅಡ್ಡ ಓಡಿದ. ಬ್ಲೆಡ್ಸೋ ಹಗ್ಗ ಬೀಸಿ ಅವನನ್ನು ಕೆಡವಿ, ಹಗ್ಗದ ತುದಿಯನ್ನು ಜೀನಿಗೆ ಬಿಗಿದು, ಕುದುರೆಯನ್ನು ಓಡಿಸಿದ.

ಸಾಲಿನಲ್ಲಿ ಎಷ್ಟೊಂದು ಗಂಡಸರಿದ್ದರು ಮಗಾ, ಎಲ್ಲರ ಕೈಯಲ್ಲೂ ಬಂದೂಕು. ನಾನು ಒಬ್ಬೊಬ್ಬರ ಮುಖ ನೋಡಿ ಕೂಗಿದೆ. ಮುದುಕ ಜಡ್ ಟೋಪಿ ತೆಗೆದು ನೆಲ ನೋಡುತ್ತ, “ಕಂಪನಿ ಅನ್ನ ತಿಂತೀವಿ ಥರ್ಜಾ, ನಮ್ಮನ್ನ ಕೇಳ್ಬೇಡ” ಅಂದ. ಅಷ್ಟರಲ್ಲಿ ರಾಕ್ಸಿ ಬಂದೂಕು ಹಿಡಿದು ಮಲಗಿಯಾಗಿತ್ತು.

ಮೊದಲ ಗುಂಡು ಅಷ್ಟು ದೂರ ಮುಟ್ಟಲಿಲ್ಲ; ಬ್ಲೆಡ್ಸೋನಿಗಿಂತ ಈಚೆಗೇ ಮಣ್ಣು ಹಾರಿತು. “ಅಮ್ಮಾ, ಊದು!” ಎಂದು ಚೀರಿದಳು. ನಾನು ಮಂಡಿಯೂರಿ, ಊದುವ ಕೊಳವೆಯನ್ನು ನಳಿಗೆಯ ಹಿಂಬದಿಗಿಟ್ಟು ನನ್ನ ಉಸಿರನ್ನೆಲ್ಲ ಊದಿ ಒಣಮಸಿಯನ್ನು ನೆನೆಸಿದೆ. ಅವಳು ಗುರಿಪಟ್ಟಿಯನ್ನು ಒಂದು ಗೆರೆ ಏರಿಸಿದಳು. ಹೊಡೆದಳು. ಬಿಳಿ ಹೊಗೆ ಮುಚ್ಚಿತು. ಅದು ಸರಿದಾಗ ಬ್ಲೆಡ್ಸೋ ಹೊಟ್ಟೆ ಹಿಡಿದು ಜೀನಿನಿಂದ ಜಾರುತ್ತಿದ್ದ. ಆಳುಗಳು ದೊಣ್ಣೆ ಬಿಸಾಡಿ ಓಡಿಹೋದರು. ಆದರೆ ಕುದುರೆ ನಿಲ್ಲಲಿಲ್ಲ, ಬೆದರಿ ಇನ್ನೂ ಜೋರಾಗಿ ಎಳೆಯಿತು. ಟೋರ್ವಾಲ್ಡ್‌ನ ಮೈ ಪೊದೆಯೊಂದಕ್ಕೆ ಸಿಕ್ಕಿ ಕುದುರೆ ಗಕ್ಕನೆ ನಿಂತ ಒಂದು ಗಳಿಗೆ ಮಾತ್ರ ಸಿಕ್ಕಿತು. ಮೂರನೆಯ ಗುಂಡಿಗೆ ಕುದುರೆ ಕುಸಿಯಿತು.

ನಾವಿಬ್ಬರೇ ಗಾಡಿ ಹೊಡೆದುಕೊಂಡು ಹೊಳೆ ದಾಟಿದೆವು. ಟೋರ್ವಾಲ್ಡ್‌ಗೆ ಉಸಿರಿತ್ತು, ಮುಖವಿರಲಿಲ್ಲ. ರಾಕ್ಸಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕುರಿ ಎಲ್ಲಾ ಬದುಕಿವೆ ಕಣೋ, ಎಲ್ಲಾ ಬದುಕಿವೆ” ಎನ್ನುತ್ತಲೇ ಇದ್ದಳು. ಸುತ್ತ ನೋಡಿದರೆ ಬಯಲು ತುಂಬ ಸತ್ತ ಕುರಿಗಳು. ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಹೋಗಿಬಿಟ್ಟ.

ಬ್ಲೆಡ್ಸೋ ಸ್ವಲ್ಪ ದೂರದಲ್ಲಿ ಪೊದೆಗೆ ಒರಗಿ ಕೂತಿದ್ದ. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. “ಅಮ್ಮಾ, ನೀರು” ಅಂದ. ಯಾರೇ ಆಗಲಿ, ಸಾಯುವವನು ಕೇಳಿದ್ದನ್ನು ಕೊಡಬೇಕಲ್ಲ. ಗಾಡಿಯಿಂದ ನೀರಿನ ಡಬ್ಬಿ ತಂದು ಅವನ ಮುಂದೆ ಕೂತು ಬಾಯಿಗೆ ಹಿಡಿದೆ. ಒಂದು ಗುಟುಕು ಕುಡಿದ. ನನ್ನ ಹಿಂದೆ ಬಂದು ನಿಂತ ರಾಕ್ಸಿಯನ್ನು ನೋಡಿ, “ಸುಮ್ನೆ ಹೆದರಿಸೋಣ ಅಂತಿದ್ದೆ, ಅಷ್ಟೇ” ಅಂದ. “ಹೌದಾ” ಅಂದಳು ಅವಳು, ಅಂಗಡಿಯಲ್ಲಿ ಉಪ್ಪಿನ ಬೆಲೆ ಕೇಳಿದವಳ ಹಾಗೆ. ನನ್ನ ಭುಜದ ಮೇಲಿಂದ ನಳಿಗೆ ಚಾಚಿ ನಾಲ್ಕನೆಯ ತೋಟಾ ಹಾರಿಸಿದಳು.

ಅಷ್ಟು ಹತ್ತಿರದಿಂದ ಕರಿಮದ್ದು ಏನು ಮಾಡುತ್ತದೆಂದು ನಾನು ಅಂದೇ ನೋಡಿದ್ದು. ಅವನ ಎದೆ ಒಡೆಯಿತು, ಅಂಗಿಗೆ ಬೆಂಕಿ ಹತ್ತಿಕೊಂಡಿತು. ನಾನು ಯೋಚಿಸದೆ ಬರಿಗೈಯಲ್ಲಿ ಬಡಿದು ಬಡಿದು ಆರಿಸಿದೆ. ಸತ್ತವನ ಮೈಮೇಲಿನ ಬೆಂಕಿಯನ್ನು ಯಾಕೆ ಆರಿಸಿದೆನೋ, ಇವತ್ತಿಗೂ ಗೊತ್ತಿಲ್ಲ. ರಾಕ್ಸಿ ಅಳಲಿಲ್ಲ. ಚಿಪ್ಪನ್ನು ಹೊರತೆಗೆದು, ಅಭ್ಯಾಸದಂತೆ ಊದಿ, ಜೇಬಿಗೆ ಹಾಕಿಕೊಂಡಳು. ಅಂದಿನಿಂದ ಅವಳು ಸರಿಯಾಗಿ ಉಂಡಿಲ್ಲ. ಕೊಟ್ಟಿಗೆಯಲ್ಲಿ ಉಳಿದ ಕುರಿಮರಿಗಳ ನಡುವೆ ಕೂತಿರುತ್ತಾಳೆ.

ಟೋರ್ವಾಲ್ಡ್‌ನನ್ನು ಹೊಳೆಯ ಈಚೆ, ನಿಮ್ಮಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಜಡ್ ಒಬ್ಬನೇ ಬಂದ. ಗುಂಡಿ ಅವನೇ ತೋಡಿದ.

ನಿನ್ನೆ ಷರೀಫ್ ಬಂದಿದ್ದ. ಕೆಟ್ಟವನಲ್ಲ, ಆದರೆ ಕಂಪನಿಯ ಜನ ಅವನ ಬೆನ್ನ ಹಿಂದೆಯೇ ನಿಂತಿದ್ದಾರೆ. ಅಂಗಳದಲ್ಲೇ ನಿಂತು ಹೇಳಿದ: “ದೂರದಿಂದ ಹೊಡೆದಿದ್ದು ಗಂಡನ್ನ ಉಳಿಸೋಕೆ. ಅದಕ್ಕೆ ಯಾವ ಜ್ಯೂರಿನೂ ಏನೂ ಅನ್ನಲ್ಲ ತಾಯಿ. ಆದ್ರೆ ಸುಟ್ಟ ಅಂಗಿ ನೋಡಿದೀನಿ. ಕೂತಿದ್ದೋನನ್ನ ಹೊಡೆದಿದ್ದು ಯಾರು? ಅದಕ್ಕೆ ನೇಣುಹಗ್ಗ ಇದೆ.” ಪಂದ್ಯದ ಸಾಲಿನಲ್ಲಿದ್ದವರಿಗೆ ಅಷ್ಟು ದೂರದಿಂದ ಕಂಡದ್ದು ತಲೆಗೆ ಕರೀ ಬಾನೆಟ್ಟು ಕಟ್ಟಿದ ಇಬ್ಬರು ಹೆಂಗಸರು ಮತ್ತು ಹೊಗೆ, ಅಷ್ಟೇ. ನಾನು ಕೈಗಳನ್ನು ಶಾಲಿನೊಳಗೆ ಮುಚ್ಚಿಕೊಂಡೇ ನಿಂತಿದ್ದೆ; ನಾವಿಬ್ಬರೂ ಬಾಯಿ ಬಿಡಲಿಲ್ಲ. ಶನಿವಾರ ಮತ್ತೆ ಬರುತ್ತೇನೆ ಎಂದು ಹೋದ.

ಎಡಿತ್‌ಗೆ ನನ್ನ ಮುತ್ತು ಹೇಳು. ಅವಳು ಕೇಳಿದ್ದ ಒಣ ಸೇಬಿನ ಚೂರುಗಳನ್ನು ಚೀಲದಲ್ಲಿ ಕಳಿಸಿದ್ದೇನೆ. ದೇವರು ನಿನ್ನ ಎದೆಯನ್ನೂ ನಿನ್ನ ಮನೆಯನ್ನೂ ಬೆಚ್ಚಗೆ ಇಡಲಿ.

ನಿನ್ನ ತಾಯಿ,
ಥರ್ಜಾ

ಮರೆತದ್ದು: ಈ ಕಾಗದವನ್ನು ನಿನ್ನ ಕೈಗೆ ಕೊಟ್ಟ ರಾಕ್ಸಿಗೆ ಇದರಲ್ಲಿ ಏನಿದೆಯೆಂದು ಗೊತ್ತಿಲ್ಲ. ಕುರಿಮರಿಗಳನ್ನು ಮಾರಿ ಮುಂದಿನ ವಾರ ನಾನೂ ಬರುತ್ತೇನೆಂದು ಹೇಳಿ ಅವಳನ್ನು ರೈಲು ಹತ್ತಿಸುತ್ತಿದ್ದೇನೆ. ನಾನು ಬರುವುದಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ಕೂತಿದ್ದವನನ್ನು ಹೊಡೆದವಳು ನಾನೆಂದು ಷರೀಫನಿಗೆ ಹೇಳಿಯಾಗಿರುತ್ತದೆ. ಈ ಸುಟ್ಟ ಕೈಗಳನ್ನು ನೋಡಿದ ಮೇಲೆ ಅವನು ಇನ್ನೇನೂ ಕೇಳುವುದಿಲ್ಲ. ಇದನ್ನು ಈಗಲೇ ಒಲೆಗೆ ಹಾಕು. ಅವಳಿಗೆ ಗೊತ್ತಾಗುವ ದಿನ ಬಂದೇ ಬರುತ್ತದೆ, ಅವಳು ಎದ್ದು ಇಲ್ಲಿಗೆ ಹೊರಡುತ್ತಾಳೆ, ನಿನ್ನನ್ನು ಹೊಡೆಯುತ್ತಾಳೆ, ಕಚ್ಚುತ್ತಾಳೆ. ಬಿಡಬೇಡ ಆನ್ಸೆಲ್. ಬಾಗಿಲಿಗೆ ಅಡ್ಡ ಮಲಗು.